ಆಮೆ ಕತ್ತು ಚಾಚಿದ್ದು

ಕೆರೆಯಲ್ಲಿ ಬಿಸಿಲು ಕಾಯಿಸಲು ಇದ್ದದ್ದು ಒಂದೇ ಬಂಡೆ. ಚಳಿಗಾಲಕ್ಕೆ ಅದು ಯಾರದೆಂದು ಪ್ರತಿ ಕಾರ್ತಿಕದಲ್ಲಿ ಅದರ ಮೇಲೆಯೇ ಮೂರು ಸುತ್ತಿನ ಕಾಳಗ ನಡೆಯುತ್ತಿತ್ತು. ನೀರಿಗೆ ಬಿದ್ದವರು ಆ ಸುತ್ತು ಸೋತಂತೆ. ಈ ಸಲ ಕಾಳಗ ಆಮೆಗೂ ನೀರುಕೋಳಿಗೂ ಬಿತ್ತು.

ಕೋಳಿ ಕೊಕ್ಕೆತ್ತಿದೊಡನೆ ಆಮೆ ಕತ್ತು, ಕಾಲು ಎಲ್ಲ ಒಳಗೆಳೆದುಕೊಂಡಿತು. ಕೋಳಿ ಅದನ್ನು ಮಡಕೆಯಂತೆ ನೀರಿಗೆ ತಳ್ಳಿತು. ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು.

ದಡದಲ್ಲಿ ಆಮೆಯ ಗುರು ಮುದಿಕಪ್ಪೆ ಕಾದಿತ್ತು.

"ಒಂದು ಪೆಟ್ಟೂ ತಗಲಿಲ್ಲ, ಮಾವ," ಎಂದಿತು ಆಮೆ.

"ಅದಕ್ಕೇ ಬಹುಮಾನವಿದ್ದಿದ್ದರೆ ಆ ಬಂಡೆಯೇ ಗೆಲ್ಲುತ್ತಿತ್ತು. ಕೋಳಿ ಹೇಗೆ ಕುಕ್ಕುತ್ತದೆ, ಹೇಳು ನೋಡೋಣ."

ಆಮೆ ಯೋಚಿಸಿತು. ಚಿಪ್ಪಿನೊಳಗೆ ಕಂಡದ್ದು ಬರೀ ಕತ್ತಲೆ.

"ಈ ವರ್ಷದ ಬಂಡೆಯಂತೂ ಹೋಯಿತು," ಎಂದಿತು ಕಪ್ಪೆ. "ಉಳಿದ ಸುತ್ತಿನಲ್ಲಿ ಕತ್ತು ಹೊರಗಿಟ್ಟು ನೋಡಿಕೊಂಡು ಬಾ."

ಮೂರನೆಯ ಸುತ್ತಿನಲ್ಲಿ ಆಮೆ ಉಗುರೂರಿ ನಿಂತು ಕಣ್ಣರಳಿಸಿ ನೋಡಿತು. ಮೂಗಿನ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ಬಹಳ ಹೊತ್ತಿನ ಮೇಲೆ ಆಮೆ ನೀರಿಗೂ ಬಿತ್ತು. ಆದರೆ ಈಜಿ ಬಂದದ್ದು ಅವಸರವಸರವಾಗಿ.

"ಮಾವ, ಕುಕ್ಕುವ ಮುಂಚೆ ಕೋಳಿ ಕಣ್ಣು ಮುಚ್ಚುತ್ತದೆ."

ಕಪ್ಪೆ ಅದರ ಮೂಗಿನ ರಕ್ತ ಒರೆಸಿತು. "ಹಾಗಾದರೆ ಬರುವ ಕಾರ್ತಿಕಕ್ಕೆ ಈಗಲೇ ಸವಾಲು ಹಾಕಿ ಬರುತ್ತೇನೆ," ಎಂದು ನೀರಿಗೆ ಹಾರಿತು.