ಖಾಲಿ ಸೂಟ್‌ಕೇಸಿನ ಪ್ರೇಮಕಥೆ

ನಿರಂಜನ ಎಂಬ ನಿರ್ದೇಶಕನೊಬ್ಬ ಬೆಂಗಳೂರಿನಲ್ಲಿ ಒಂದು ಪ್ರೇಮಚಿತ್ರ ಮಾಡುತ್ತಿದ್ದ. ದೊಡ್ಡ ನಿರ್ಮಾಪಕರಿಲ್ಲ, ಸೆಟ್ಟಿಲ್ಲ. ಗೆಳೆಯರೇ ಸೇರಿ ಮಾಡುತ್ತಿದ್ದ ಸಣ್ಣ ಚಿತ್ರ. ಉಳಿದಿದ್ದು ಕೊನೆಯ ದೃಶ್ಯ ಮಾತ್ರ. ಮುನಿಸಿಕೊಂಡ ನಾಯಕಿ ಊರು ಬಿಟ್ಟು ಹೊರಟಿದ್ದಾಳೆ, ನಾಯಕ ಬಸ್ ನಿಲ್ದಾಣಕ್ಕೆ ಓಡಿಬಂದು ತಡೆಯಬೇಕು. ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ಇದ್ದದ್ದು ಅದೊಂದೇ ದಿನ, ಸಂಜೆ ಐದರವರೆಗೆ. ಅಷ್ಟರೊಳಗೆ ದೃಶ್ಯ ಸಿಗದಿದ್ದರೆ ಎರಡು ವರ್ಷದ ಶ್ರಮ ಅರ್ಧಕ್ಕೇ ನಿಲ್ಲುತ್ತಿತ್ತು.

ನಾಯಕನ ಪಾತ್ರದ ವಿಭವ ಓಡಿಬಂದ. ಸೂಟ್‌ಕೇಸ್ ಕಿತ್ತುಕೊಂಡ. "ನೀನಿಲ್ಲದೆ ನಾನಿಲ್ಲ" ಎಂದ. ನಾಯಕಿ ಮೇದಿನಿ ಅತ್ತಳು. ಗ್ಲಿಸರಿನ್ ತನ್ನ ಕೆಲಸ ಮಾಡಿತ್ತು, ಪ್ರೀತಿ ಮಾತ್ರ ಎಲ್ಲೂ ಕಾಣಲಿಲ್ಲ. ನಿರಂಜನ ಮಾತು ಸೇರಿಸಿದ, ಕಣ್ಣೀರು ಹೆಚ್ಚಿಸಿದ. ಹನ್ನೊಂದು ಟೇಕ್ ಆದರೂ ಅದೇ ಹಾಡು. ಕೊನೆಗೆ ಅವನಿಗೇ ಅಳು ಬಂತು. ಪಾಪ, ಅಲ್ಲಿ ನಿಜವಾದ ಅಳು ಅದೊಂದೇ.

ಚಿತ್ರದ ಸಾಮಾನು ನೋಡಿಕೊಳ್ಳುವ ಗೌರಮ್ಮ ಏನೂ ಗೊತ್ತಿಲ್ಲದವರಂತೆ ಮೆಲ್ಲಗೆ ಕೇಳಿದರು.

"ಸಾರ್, ಆ ಸೂಟ್‌ಕೇಸಲ್ಲಿ ಏನಿದೆ?"

"ಹಳೇ ಪೇಪರ್ ತುರುಕಿದೀವಿ ಗೌರಮ್ಮ. ಸಿನಿಮಾದಲ್ಲಿ ಯಾವಾಗ್ಲೂ ಹಂಗೇ ಅಲ್ವಾ?"

"ಅದು ಸರಿ. ಆದ್ರೆ ಆ ಹುಡುಗಿ ಏನು ತಗೊಂಡು ಹೊರಟ್ಲು ಅಂತ ನಿಮಗೂ ಗೊತ್ತಿಲ್ವಾ?"

ನಿರಂಜನ ತಬ್ಬಿಬ್ಬಾದ. ಕಥೆ ಬರೆದವನೇ ಅವನು. ಒಮ್ಮೆಯೂ ಆ ಪ್ರಶ್ನೆ ಹೊಳೆದಿರಲಿಲ್ಲ. ತಕ್ಷಣ ಪೇಪರ್ ತೆಗೆಸಿದ. ಚಿತ್ರದಲ್ಲಿ ನಾಯಕನ ಮನೆಗೆಂದು ಬಳಸಿದ್ದ ಸಾಮಾನೆಲ್ಲ ಇದ್ದ ವ್ಯಾನಿಗೆ ಮೇದಿನಿಯನ್ನು ಕಳಿಸಿ, "ನೀನೇ ತುಂಬು, ಯಾರಿಗೂ ಹೇಳ್ಬೇಡ" ಎಂದ.

ನಾಲ್ಕೂ ಮುಕ್ಕಾಲಿಗೆ ಕೊನೆಯ ಟೇಕ್. ವಿಭವ ಓಡಿಬಂದು ಸೂಟ್‌ಕೇಸ್ ಕಿತ್ತುಕೊಂಡ. ಭಾರಕ್ಕೆ ಕೈ ಜಗ್ಗಿತು. ಬಾಯಿಪಾಠ ಮಾಡಿದ ಮಾತೆಲ್ಲ ಮರೆತೇಹೋಯಿತು.

"ಏನಿದೆ ಇದ್ರಲ್ಲಿ?"

ಮೇದಿನಿ ತಲೆ ತಗ್ಗಿಸಿದಳು. "ನಿನ್ನ ಕುಕ್ಕರ್."

"ಕುಕ್ಕರ್ ಯಾಕೆ?"

"ನಾನು ಹೋದ್ಮೇಲೆ ನೀನೊಬ್ನೇ ಅನ್ನ ಮಾಡ್ಕೊಂಡು, ಒಬ್ನೇ ತಿನ್ನೋದು... ನಂಗೆ ನೆನೆಸ್ಕೊಳ್ಳೋಕೇ ಆಗ್ಲಿಲ್ಲ ಕಣೋ."

ವಿಭವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಸೂಟ್‌ಕೇಸಿನ ಮೇಲೇ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಬಸ್ಸು ಹೊರಟುಹೋಯಿತು. ನಿರಂಜನ 'ಕಟ್' ಎನ್ನುವುದನ್ನೇ ಮರೆತಿದ್ದ.

ನೀತಿ: ಪ್ರೀತಿಯ ಮಾತನ್ನು ಹೇಳಿಕೊಟ್ಟರೆ ಯಾರು ಬೇಕಾದರೂ ಆಡಬಹುದು. ಎದುರಿಗಿರುವವರನ್ನು ತಿಳಿದುಕೊಳ್ಳುವ ಕುತೂಹಲ ಇದ್ದವರಿಗೇ ಪ್ರೀತಿ ಕಾಣಸಿಗುವುದು. ಹೇಳುವ ಮೊದಲು ಕೇಳಿ.