ಬೆಳ್ಳಕ್ಕಿಯ ಒಂಟಿ ಬೂಟು

೧೯೬೭ರ ನವೆಂಬರ್ ಒಂಬತ್ತನೆಯ ತಾರೀಖಿನ ನನ್ನ ದಿನಚರಿಯಲ್ಲಿ ಈ ವ್ಯಾಪಾರ ದಾಖಲಾಗಿದೆ.

ತಾಯಿ ಬೆಳ್ಳಕ್ಕಿಯೊಂದು ಮರಿಗಳಿಗೆಂದು ಬೆಳಿಗ್ಗೆ ನಾಲ್ಕು ಮೀನು ಹಿಡಿಯಿತು. ಒಳ್ಳೆಯ ಬೇಟೆಯ ಉಡುಪಿದ್ದರೆ ನಲವತ್ತು ಹಿಡಿಯಬಹುದು ಎನಿಸಿ, ಗೂಡಿಗೆ ಹೋಗದೆ ಏಡಿಯ ಅಂಗಡಿಗೆ ಹೋಯಿತು.

"ಹಸಿರು ಅಂಗಿಗೆ ಮೂರು ಮೀನು, ಬೂಟಿನ ಜೋಡಿಗೆ ಎರಡು," ಎಂದಿತು ಏಡಿ.

"ಇರುವುದು ನಾಲ್ಕೇ, ಏಡಿಯಣ್ಣ. ಬೇಟೆಯಲ್ಲಿ ನಾನು ನಿಲ್ಲುವುದು ಒಂಟಿಕಾಲಿನಲ್ಲಿ. ಇನ್ನೊಂದು ಬೂಟಿಗೆ ಯಾಕೆ ದಂಡ ತೆರಲಿ?"

"ಎಂಟು ಕಾಲಿನವನಿಗೆ ಉಳಿತಾಯ ಕಲಿಸುತ್ತೀರಲ್ಲ, ಅಕ್ಕಾ. ಆಗಲಿ, ಒಂದನ್ನೇ ಒಯ್ಯಿರಿ. ಅಂದಹಾಗೆ, ಈ ನಾಲ್ಕನ್ನು ಏನು ತೊಟ್ಟು ಹಿಡಿದಿರಿ?"

"ಏನೂ ಇಲ್ಲ. ಅದು ಬರೀ ಅದೃಷ್ಟ."

ಬೆಳ್ಳಕ್ಕಿ ಅಂಗಿ ತೊಟ್ಟು, ಬೂಟು ಮೆಟ್ಟಿ ಕೆರೆಗಿಳಿಯಿತು. ಅಂಗಿ ನೀರು ಕುಡಿದು ಭಾರವಾಯಿತು, ಬೂಟು ಕೆಸರಿನಲ್ಲಿ ಹೂತುಹೋಯಿತು. ಮೀನು ಎದುರಿಗೇ ಬಂದಾಗ ಕೊಕ್ಕು ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಮೀನುಗಳು ಬಳಗವನ್ನೆಲ್ಲ ಕರೆತಂದು ಬೂಟು ನೋಡಿಕೊಂಡು ಹೋದವು.

ಸಂಜೆ ಮರಿಗಳ ಕೂಗು ಕೆರೆಯವರೆಗೂ ಕೇಳಿಸಿತು. ಬೆಳ್ಳಕ್ಕಿ ಬೂಟನ್ನು ಕೆಸರಿಗೇ ಬಿಟ್ಟು, ಅಂಗಿ ಕಳಚಿ ಜೊಂಡಿನ ಮೇಲೆ ಹರವಿ, ಬರಿಗಾಲಲ್ಲಿ ನಿಂತಿತು. ಕತ್ತಲಾಗುವುದರೊಳಗೆ ಮೂರು ಮೀನು ಸಿಕ್ಕವು.

ಹೊಟ್ಟೆ ತುಂಬಿದ ಮರಿಗಳು ಗೂಡಿಗೆ ತಂದು ಹಾಸಿದ, ಆರಿದ ಅಂಗಿಯ ಮೇಲೆ ಬೆಚ್ಚಗೆ ಮಲಗಿದವು. "ಹಾಸಿಗೆ ಚೆನ್ನಾಗಿದೆ ಅಮ್ಮ," ಎಂದಿತು ಹಿರಿಯ ಮರಿ. "ನಾಳೆ ಮೊದಲು ತಿಂಡಿ ತಾ."

ಖರ್ಚು: ಅಂಗಿಗೆ ಮೂರು ಮೀನು, ಒಂಟಿ ಬೂಟಿಗೆ ಒಂದು. ಒಟ್ಟು, ಮಕ್ಕಳ ಒಂದು ಹೊತ್ತಿನ ಊಟ.