ಮಾದಯ್ಯನ ಮನೆಯ ಒಲೆ

ಮಂಜಿನಕಟ್ಟೆ ಬೆಟ್ಟದ ಮೇಲೆ ಪೂಜ್ಯ ನೀಲಾಂಬಿಕೆ ತಾಯಿಯವರ ಆಶ್ರಮವೆಂದರೆ ಹಂಚಿನ ಎರಡು ಕೋಣೆ, ಅಷ್ಟೇ. ಮಾಗಿಯ ಚಳಿಯಲ್ಲಿ ಬಂದವರನ್ನು ತಾಯಿಯವರು ಮೊದಲು ಕಬ್ಬಿಣದ ಒಲೆಯ ಬಳಿ ಕೂರಿಸಿ ಕೈ ಕಾಯಿಸಿಕೊಳ್ಳಲು ಹೇಳುತ್ತಿದ್ದರು. ಕಷ್ಟಸುಖದ ಮಾತೆಲ್ಲ ಆಮೇಲೆ.

ಒಂದು ಬೆಳಿಗ್ಗೆ ಕೆಳಗಿನ ಊರಿನ ಕೆಂಪಮಾದಯ್ಯ ಬಂದ. ಒಲೆಯ ಹತ್ತಿರ ಸುಳಿಯದೆ ಬಾಗಿಲಲ್ಲೇ ನಿಂತ. ಮಗಳು ಪುಟ್ಟಗೌರಿ ಬಾಣಂತನಕ್ಕೆ ಬಂದಿದ್ದಾಳೆ, ಚಳಿಗೆ ಹಸುಗೂಸಿನ ಕೈಕಾಲು ತಣ್ಣಗಾಗುತ್ತಿವೆ, ಒಂದು ತಾಯಿತ ಕೊಡಿ ಎಂದು ಬೇಡಿದ. ಮನೆಯಲ್ಲಿ ಒಲೆ ಇಲ್ಲವೇ ಎಂದು ತಾಯಿಯವರು ವಿಚಾರಿಸಿದಾಗ ಅವನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ.

ಅಡುಗೆಯ ಒಲೆ ಹಿತ್ತಲಲ್ಲಿತ್ತು; ಕೋಣೆ ಬೆಚ್ಚಗಿಡುವ ಕಬ್ಬಿಣದ ಒಲೆಯೂ ಇತ್ತು. ಹಲವು ವರ್ಷಗಳ ಹಿಂದೆ, ಜ್ವರದಲ್ಲಿದ್ದ ಹೆಂಡತಿ ದೇವೀರಮ್ಮನಿಗೆ ಗಾಳಿ ಸೋಕದಿರಲೆಂದು ಅವನು ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕಿ, ಒಲೆಗೆ ಹಸಿ ಸೌದೆ ತುಂಬಿ ಔಷಧ ತರಲು ಹೋಗಿದ್ದ. ಹೊಗೆಯ ಕೊಳವೆ ಮಸಿಯಿಂದ ಕಟ್ಟಿಕೊಂಡಿತ್ತು. ಅವನು ಮರಳುವಷ್ಟರಲ್ಲಿ ಆಕೆ ಹೊಗೆಯಲ್ಲೇ ಪ್ರಾಣ ಬಿಟ್ಟಿದ್ದಳು. ಅಂದಿನಿಂದ ಆ ಒಲೆಗೆ ಯಾರೂ ಕಡ್ಡಿ ಗೀರಿರಲಿಲ್ಲ.

ತಾಯಿಯವರು ತಾಯಿತ ಕೊಡಲಿಲ್ಲ. ಕಂಬಳಿ ಹೊದ್ದು ಅವನೊಂದಿಗೇ ಬೆಟ್ಟವಿಳಿದರು. ಕೊಳವೆಯನ್ನು ಬಿಚ್ಚಿಸಿ ಅಂಗಳಕ್ಕೆ ತರಿಸಿ, ಬಿದಿರುಕೋಲಿನ ತುದಿಗೆ ತೆಂಗಿನ ನಾರು ಕಟ್ಟಿ, ಮಸಿಯನ್ನೆಲ್ಲ ತಾವೇ ಉದುರಿಸಿದರು. ಮುಖವೆಲ್ಲ ಕಪ್ಪಾಯಿತು. ಬಾಣಂತಿ ತಡೆಯಲಾರದೆ ನಕ್ಕಳು, ತಾಯಿಯವರೂ ನಕ್ಕರು. ಕೊಳವೆಯನ್ನು ಮತ್ತೆ ಭದ್ರವಾಗಿ ಕೂರಿಸಿದ ಮೇಲೆ, ಸೌದೆಗಳನ್ನು ಒಂದಕ್ಕೊಂದು ತಟ್ಟಿ ನೋಡಿ ಚೆನ್ನಾಗಿ ಒಣಗಿದವನ್ನಷ್ಟೇ ಆರಿಸಿದರು. ಒಲೆಯ ಬಳಿ ಹರವಿದ್ದ ಕೂಸಿನ ಬಟ್ಟೆಗಳನ್ನು ದೂರ ಸರಿಸಿ, ಕಿಟಕಿಯನ್ನು ತುಸು ತೆರೆದಿಟ್ಟರು. ಆರಿದಂತೆ ಕಂಡರೂ ಬೂದಿಯಲ್ಲಿ ಕೆಂಡ ಇರುತ್ತದೆ, ತಗಡಿನ ಡಬ್ಬಕ್ಕೆ ತುಂಬಿ ಹೊರಗೇ ಇಡಬೇಕು ಎಂದು ಪುಟ್ಟಗೌರಿಗೆ ತಿಳಿಹೇಳಿದರು.

ಕೊನೆಗೆ ಬೆಂಕಿಪೊಟ್ಟಣವನ್ನು ಮಾದಯ್ಯನ ಕೈಗಿಟ್ಟರು. ಅವನು ಅದನ್ನು ತೆರೆಯಲಿಲ್ಲ.

"ನನ್ನ ಕೈಯಿಂದಲೇ ಅವಳು ಹೋದಳು, ತಾಯಿ" ಎಂದ.

ತಾಯಿಯವರು ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತರು. "ಅವಳಿಗೆ ಚಳಿಯಾಗಬಾರದು ಅಂತ ಮುಚ್ಚಿದೆ ನೀನು. ಬೆಂಕಿಗೂ ಉಸಿರು ಬೇಕು ಅನ್ನೋದು ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ ಮಗಾ, ಹಚ್ಚು."

ಮಾದಯ್ಯ ಬಹಳ ಹೊತ್ತು ಅತ್ತ. ಆಮೇಲೆ ಕಡ್ಡಿ ಗೀರಿದ. ಹೊಗೆ ಕೊಳವೆ ಹಿಡಿದು ನೇರ ಮೇಲೇರಿತು. ಪುಟ್ಟಗೌರಿ ಕೂಸನ್ನು ಅಪ್ಪನ ಮಡಿಲಿಗೆ ಹಾಕಿದಳು. ಅದು ಬೆಚ್ಚಗಾಗಿ ಬಿಗಿದ ಮುಷ್ಟಿ ಸಡಿಲಿಸಿ ನಿದ್ದೆ ಹೋಯಿತು. ಅಂದು ಮಾದಯ್ಯ ಮೊದಲ ಸಲ ಮಗಳಿಗೆ ಅವಳ ತಾಯಿಯ ವಿಷಯವಾಗಿ ಬಾಯಿತುಂಬ ಮಾತಾಡಿದನಂತೆ.

ಮುಂದೆ ಪ್ರತಿ ವರ್ಷ ಚಳಿ ಹತ್ತುವ ಮೊದಲೇ ಮನೆಮನೆಗೂ ಹೋಗಿ ಕೊಳವೆಗಳ ಮಸಿ ತೆಗೆಯುವ ಕೆಲಸವನ್ನು ಅವನು ತಾನಾಗಿ ವಹಿಸಿಕೊಂಡ. ಯಾರಾದರೂ ಏಕೆಂದು ಕೇಳಿದರೆ, ಇದು ನಮ್ಮ ದೇವೀರಮ್ಮನ ಸೇವೆ ಎನ್ನುತ್ತಿದ್ದ.